ಮೊಬೈಲಿಗೆ ಹಕ್ಕು ತುಂಬಿಸಿದ ಪ್ರಸಂಗ

ಸೀರೆಗೆ ಕಿಸೆಯಿಲ್ಲ. ಈ ಸತ್ಯ ನನ್ನ ಗಮನಕ್ಕೆ ಬಂದದ್ದು ಸೀರೆ ಉಡಲು ಕಲಿತು ಎಷ್ಟೋ ವರ್ಷಗಳಾದ ಮೇಲೆ, ಅಂದರೆ ನಾನು ಮೊದಲ ಮೊಬೈಲ್ ಫೋನು ಕೊಂಡ ದಿನ. ಅಲ್ಲಿಯವರೆಗೆ ಕಿಸೆಯಲ್ಲಿಟ್ಟು ಮೆರೆಯುವಂಥ ಘನವಸ್ತು ಯಾವುದೂ ನನ್ನ ಸ್ವಾಧೀನದಲ್ಲಿ ಇರಲಿಲ್ಲವಾದ್ದರಿಂದ, ಇದ್ದ ಚಿಲ್ಲರೆಯೆಲ್ಲ ಸೆರಗಿನ ತುದಿಯ ಗಂಟಿನಲ್ಲೇ ಹಿಡಿಸುತ್ತಿದ್ದುದರಿಂದ, ಆ ಕೊರತೆ ಕೊರತೆಯಾಗಿ ಕಾಣಿಸಿರಲಿಲ್ಲ. ಹೆಣ್ಣನ್ನು ಗಜಗಟ್ಟಲೆ ಬಟ್ಟೆಯಲ್ಲಿ ಸುತ್ತಿ ಸುತ್ತಿ ಭದ್ರಪಡಿಸಿದ ನಮ್ಮ ಪೂರ್ವಜರಿಗೆ ಅದರೊಳಗೆ ಅಂಗೈಯಗಲದ ತುಂಡೊಂದನ್ನು ಕಿಸೆಗೆಂದು ಮೀಸಲಿಡಬೇಕೆಂದು ತೋಚಲೇ ಇಲ್ಲ; ಅದೇ ಗಂಡಸಿನ ಅಂಗಿಗೆ ಎದೆಯ ಮೇಲೊಂದು, ಪಕ್ಕಗಳಲ್ಲಿ ಎರಡು, ಇವು ಸಾಲದೆಂದು ಒಳಗಿನ ಬನಿಯನ್ನಿಗೂ ಒಂದು ಕಳ್ಳಕಿಸೆ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಸಮಾನತೆಯ ಪಾಠವನ್ನು ವರ್ಷಕ್ಕೊಮ್ಮೆ ತಪ್ಪದೆ ಒಪ್ಪಿಸುವ ನಾಗರಿಕಶಾಸ್ತ್ರದ ಶಿಕ್ಷಕಿಯಾದ ನನಗೆ ಈ ಅನ್ಯಾಯ ಇಷ್ಟು ತಡವಾಗಿ ಹೊಳೆದದ್ದಕ್ಕೆ ನೀವು ನಗಬಹುದು. ನಾನೂ ನಕ್ಕಿದ್ದೇನೆ.

ಫೋನನ್ನು ಪರ್ಸಿನಲ್ಲಿಟ್ಟರೆ ಅದು ಬಾವಿಯ ತಳದಿಂದ ಕೂಗಿದಂತೆ ಕೂಗಿ, ಬಾಚಣಿಗೆ, ಕುಂಕುಮದ ಡಬ್ಬಿ, ಹಳೆಯ ಬಸ್ ಟಿಕೀಟುಗಳನ್ನೆಲ್ಲ ಸರಿಸಿ ನಾನು ಅದನ್ನು ತಲುಪುವಷ್ಟರಲ್ಲಿ ಮುನಿಸಿಕೊಂಡು ಸುಮ್ಮನಾಗುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದರೆ ರೊಟ್ಟಿ ಬಡಿಯುವಾಗ ಹಿಟ್ಟಿನೊಳಗೆ ಬೀಳುತ್ತಿತ್ತು. ರವಿಕೆಯೊಳಗೆ ಇಟ್ಟುಕೊಂಡ ದಿನವಂತೂ, ಕಪ್ಪುಹಲಗೆಯ ಮೇಲೆ ನಾನು ಗಂಭೀರವಾಗಿ ‘ರಾಜ್ಯಸಭೆ’ ಎಂದು ಬರೆಯುತ್ತಿರುವಾಗ ಅದು ಗುರ್ರೆಂದು ನಡುಗಿ, ಮೇಲ್ಮನೆಯ ಘನತೆಗೆ ತಕ್ಕದ್ದಲ್ಲದ ಒಂದು ಚೀತ್ಕಾರವನ್ನು ನನ್ನಿಂದ ಹೊರಡಿಸಿತು. ಕಡೆಗೆ ಆ ಕಾಲದ ಫ್ಯಾಶನ್ನಿನಂತೆ ಬಣ್ಣದ ದಾರವೊಂದನ್ನು ಕಟ್ಟಿ ಕೊರಳಿಗೆ ನೇತುಹಾಕಿಕೊಂಡೆ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಧರಿಸಿದ ಮನೆತನ ನಮ್ಮದು. ನಮ್ಮ ಅತ್ತೆಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಂದಕ್ಕೇ ದಿನಾ ಪೂಜೆ ಸಲ್ಲಿಸಲು ಪುರುಸೊತ್ತಿಲ್ಲದವಳು ಎರಡನೆಯದನ್ನು ಕಟ್ಟಿಕೊಂಡಿದ್ದೀಯಲ್ಲ ಎಂದು ಕೇಳಿದರು.

ಅವರು ಹೇಳಿದ್ದು ತಮಾಷೆಗೆ. ಆದರೆ ಆ ಮಾತು ನನ್ನ ತಲೆಯಲ್ಲಿ ಒಂದು ಹುಳ ಬಿಟ್ಟಿತು. ದೇವರನ್ನೇ ಗುಡಿಯಿಂದ ಬಿಡಿಸಿ ಎದೆಯ ಮೇಲಿಟ್ಟುಕೊಂಡು ತಿರುಗಬಹುದಾದರೆ ಸಂವಿಧಾನವನ್ನೇಕೆ ಬಿಡಿಸಬಾರದು? ಬಿಡಿಸುವ ಅಗತ್ಯವೂ ಇತ್ತೆನ್ನಿ. ನಾನಿದ್ದ ಶಾಲೆಯಲ್ಲಿ ಸಂವಿಧಾನದ ದಪ್ಪ ಪ್ರತಿಯೊಂದು ಇತ್ತು. ಮಕ್ಕಳ ಕೈ ತಾಗಿ ಕೊಳೆಯಾದೀತೆಂಬ ಕಾಳಜಿಯಿಂದ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಲಾಗಿತ್ತು. ಗಣರಾಜ್ಯ ದಿನದಂದು ಹೊರಗೆ ತೆಗೆದು, ಒರೆಸಿ, ಹೂವು ಹಾಕಿ, ಊದುಬತ್ತಿ ಬೆಳಗಿ, ಲಾಡು ಹಂಚಿ, ಮತ್ತೆ ಒಳಗಿಡುತ್ತಿದ್ದರು. ಓದಲು ಕೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, ಪರೀಕ್ಷೆಗೆ ಬರುವುದೆಲ್ಲ ಗೈಡಿನಲ್ಲಿದೆಯಲ್ಲ ಎಂದು ನನ್ನ ಜ್ಞಾನದಾಹಕ್ಕೆ ಅಲ್ಲೇ ನೀರು ಕುಡಿಸಿದರು.

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿಗೆ ದಸ್ತಗೀರನ ಮೊಬೈಲ್ ಅಂಗಡಿ. ಅಂಗಡಿ ಎಂದರೆ ಒಂದು ಕಂಪ್ಯೂಟರು, ಒಂದು ಫ್ಯಾನು, ಅವೆರಡರ ನಡುವೆ ದಸ್ತಗೀರ. ಹಾಡು, ವಚನ, ಕವ್ವಾಲಿ, ಬಯಲಾಟ, ಸಿನಿಮಾ, ಏನು ಕೇಳಿದರೂ ಮೆಮರಿ ಕಾರ್ಡಿಗೆ ತುಂಬಿಸಿ ಕೊಡುತ್ತಿದ್ದ. ಸಂತೆಯ ದಿನ ಅವನ ಮುಂದೆ ಹಿಟ್ಟಿನ ಗಿರಣಿಯ ಮುಂದಿನಂತೆ ಪಾಳಿ. ಆ ಪಾಳಿಯಲ್ಲಿ ನಿಂತು ನಾನು, ನನ್ನ ಫೋನಿಗೆ ಮೂಲಭೂತ ಹಕ್ಕುಗಳನ್ನು ತುಂಬಿಸಬೇಕೆಂದು ಕೇಳಿದೆ. ಅವನು ಗಾಬರಿಯಾಗದೆ, ಅದು ಹಳೆಯದೋ ಹೊಸದೋ ಎಂದಷ್ಟೇ ವಿಚಾರಿಸಿದ. ಹಳೆಯದು, ಆದರೆ ಇನ್ನೂ ಓಡುತ್ತಿದೆ ಎಂದೆ.

ಕನ್ನಡದ ಸಂವಿಧಾನ ಅಂತರ್ಜಾಲದಲ್ಲಿ ಸಿಕ್ಕಿತು, ಫೋನಿಗೂ ಇಳಿಯಿತು. ತೆರೆದು ನೋಡಿದರೆ ಪರದೆಯ ತುಂಬ ಖಾಲಿ ಚೌಕಗಳು. ನನ್ನ ಫೋನಿಗೆ ಕನ್ನಡ ಬರುತ್ತಿರಲಿಲ್ಲ. ಸ್ವಾತಂತ್ರ್ಯದ ಜಾಗದಲ್ಲಿ ಚೌಕ, ಸಮಾನತೆಯ ಜಾಗದಲ್ಲಿ ಚೌಕ, ಶೋಷಣೆಯ ವಿರುದ್ಧ ಸಾಲು ಸಾಲು ಚೌಕ. ಎಷ್ಟೋ ಊರುಗಳಲ್ಲಿ ಎಷ್ಟೋ ಜನರಿಗೆ ಈ ಹಕ್ಕುಗಳು ಇದೇ ರೂಪದಲ್ಲಿ ತಲುಪಿರುವಾಗ ನಾನೊಬ್ಬಳು ದೂರು ಹೇಳುವುದು ನ್ಯಾಯವಲ್ಲ ಎನಿಸಿತು. ಆದರೆ ದಸ್ತಗೀರ ಸೋಲೊಪ್ಪುವವನಲ್ಲ. ಪ್ರತಿಯೊಂದು ಪುಟವನ್ನೂ ಫೋಟೋ ಮಾಡಿ, ಮದುವೆಯ ಆಲ್ಬಮ್ಮಿನಂತೆ ಒಂದರ ಹಿಂದೊಂದು ಜೋಡಿಸಿದ. ಹಕ್ಕುಗಳೆಲ್ಲ ಬಂದವು. ಅವುಗಳ ಹಿಂದೆ ಬರಬೇಕಿದ್ದ ಪುಟದ ಹತ್ತಿರ ಕೈ ತಡೆದ.

“ಅಕ್ಕೋರ, ಹಕ್ಕು ಹಿಡಸ್ಯಾವ್ರಿ. ಕರ್ತವ್ಯ ಹಿಡಸವಲ್ವು. ಹಾಡು ತಗೀಲೇನ್ರಿ?”

ಹಾಡು ಇರಲಿ ಎಂದೆ. ಪ್ರಜೆಯಾಗಿ ಆ ಕ್ಷಣದಲ್ಲಿ ನಾನು ಮಾಡಿದ ಆಯ್ಕೆಯನ್ನು ಬಹುಸಂಖ್ಯಾತ ದೇಶಬಾಂಧವರು ಅನುಮೋದಿಸುತ್ತಾರೆಂಬ ನಂಬಿಕೆ ನನಗಿದೆ.

ಹೀಗೆ ಹಕ್ಕುಗಳು ನನ್ನ ಎದೆಯ ಮೇಲೆ ತೂಗಾಡತೊಡಗಿದವು. ಅವನ್ನು ಧರಿಸಿಕೊಂಡು ಹೋಗುವುದಕ್ಕೂ ಬಳಸುವುದಕ್ಕೂ ಇರುವ ಅಂತರ ಮಾತ್ರ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ತಿಳಿಯಿತು. ‘ಮಹಿಳೆಯರಿಗೆ’ ಎಂದು ಬರೆದ ಸೀಟಿನಲ್ಲಿ, ಆ ಅಕ್ಷರಗಳಿಗೇ ತಲೆಯಾನಿಸಿ, ತಲೆಗೆ ದೊಡ್ಡ ಪಟಗ ಸುತ್ತಿದ ಹಿರಿಯರೊಬ್ಬರು ಸುಖವಾಗಿ ತೂಕಡಿಸುತ್ತಿದ್ದರು. ಎಬ್ಬಿಸಿ ಜಗಳವಾಡುವುದು ಅಶಿಕ್ಷಿತರ ಮಾರ್ಗ. ನಾನು ದಾಖಲೆ ತೋರಿಸಲು ನಿರ್ಧರಿಸಿದೆ. ಬಂದ್ ಇಟ್ಟಿದ್ದ ಫೋನು ಮೊದಲು ತನ್ನ ಸಂಗೀತ ನುಡಿಸಿತು, ಎರಡು ಕೈಗಳನ್ನು ಜೋಡಿಸಿ ತೋರಿಸಿತು, ಬಳಿಕ ನೆಟ್‌ವರ್ಕ್ ಹುಡುಕಿತು. ಆಲ್ಬಮ್ ತೆರೆದರೆ ಮೊದಲು ತವರಿನಲ್ಲಿರುವ ನನ್ನ ಅಕ್ಕನ ಎಮ್ಮೆಯ ಫೋಟೋ, ಅದನ್ನು ದಾಟಿದರೆ ಪೀಠಿಕೆ, ಅದನ್ನೂ ದಾಟಿ ಹದಿನೈದನೆಯ ವಿಧಿಗೆ ಬಂದು, ಅಕ್ಷರ ದೊಡ್ಡದು ಮಾಡಿ, ಮಧ್ಯದ ಗುಂಡಿ ಒತ್ತಿ ಒತ್ತಿ ಎಡದಿಂದ ಬಲಕ್ಕೆ ಸರಿಸುತ್ತ, ಸ್ತ್ರೀಯರಿಗಾಗಿ ವಿಶೇಷ ಏರ್ಪಾಡು ಮಾಡಬಹುದೆಂಬ ಸಾಲನ್ನು ಹಿಡಿಯುವಷ್ಟರಲ್ಲಿ ಹಿರಿಯರ ಊರು ಬಂದಿತ್ತು. ಅವರು ಎದ್ದು ಪಟಗ ಸರಿಪಡಿಸಿಕೊಂಡು, ಬರ್ರಿ ತಂಗಿ ಕುಂದರ್ರಿ ಎಂದು ಸೌಜನ್ಯದಿಂದ ಸೀಟು ತೋರಿಸಿ ಇಳಿದುಹೋದರು. ಗಣರಾಜ್ಯ ನನಗೆ ಕೊಟ್ಟದ್ದನ್ನು ಅವರು ಉಪಕಾರವಾಗಿ ಕೊಟ್ಟರು. ನಾನೂ ಉಪಕಾರವಾಯಿತೆಂದೇ ಹೇಳಿ ಕುಳಿತೆ.

ಮನೆಯಲ್ಲಿಯೂ ಇದು ನಗೆಯ ವಸ್ತುವಾಯಿತು. ರಾಮದುರ್ಗದಲ್ಲಿ ನೌಕರಿಯಲ್ಲಿದ್ದ ನಮ್ಮ ಯಜಮಾನರು ಶನಿವಾರ ಮನೆಗೆ ಬಂದವರು, ಅಡುಗೆ ಆಗಿದೆಯೇ ಎಂದು ಕೇಳುವ ಮೊದಲು, ಹಾಗೆ ಕೇಳಲು ಅವಕಾಶವಿದೆಯೋ ಇಲ್ಲವೋ ನೋಡು ಎಂದು ಫೋನಿನತ್ತ ಕೈ ತೋರಿಸುತ್ತಿದ್ದರು. ಅವಕಾಶವಿಲ್ಲ ಎಂದರೆ ನಗುತ್ತಿದ್ದರು, ಎದ್ದು ಅಡುಗೆಯನ್ನೇನೂ ಮಾಡುತ್ತಿರಲಿಲ್ಲ.

ನಗದೆ ಉಳಿದವರು ನನ್ನ ಅಣ್ಣತಮ್ಮಂದಿರು ಮಾತ್ರ. ನನ್ನ ತವರು ಮುನವಳ್ಳಿಯ ಹತ್ತಿರದ ಒಂದು ಹಳ್ಳಿ. ನವಿಲುತೀರ್ಥದ ಕಾಲುವೆ ಬಂದ ಮೇಲೆ ಅಲ್ಲಿಯ ಎರೆಭೂಮಿಗೂ ಭೂಮಿಯವರಿಗೂ ಒಂದು ಬಗೆಯ ಮೆರುಗು ಬಂದಿದೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ನನ್ನ ದೊಡ್ಡಣ್ಣ ಈರಣ್ಣನದು. ಅವನ ಬಸುರಿ ಮಗಳಿಗೆ ಹಸಿರು ಬಳೆ ತೊಡಿಸುವ ಕುಬಸದ ದಿನ, ಹಾಡು ಹುಡುಕುವೆನೆಂದು ನನ್ನ ಫೋನು ಇಸಿದುಕೊಂಡ ಈರಣ್ಣನ ಮಗನ ಕೈಗೆ ಆ ಪುಟಗಳು ಸಿಕ್ಕವು. ಅವನು ಊಟದ ಪಂಕ್ತಿಯ ನಡುವೆ ನಿಂತು, ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಅರ್ಥದ ಸಾಲನ್ನು ದೊಡ್ಡ ದನಿಯಲ್ಲಿ ಓದಿದ. ಹೋಳಿಗೆ ಬಡಿಸುತ್ತಿದ್ದ ಈರಣ್ಣನ ಕೈ ಗಾಳಿಯಲ್ಲೇ ನಿಂತಿತು. ಅವನು ತಮ್ಮನ ಮುಖ ನೋಡಿದ. ತಮ್ಮ ಫೋನಿನಿಂದ ಜೋಲುತ್ತಿದ್ದ ನನ್ನ ಕೊರಳದಾರ ನೋಡಿದ. ನನ್ನ ಎಲೆಗೆ ಮೂರನೆಯ ಹೋಳಿಗೆ ತಾನಾಗಿಯೇ ಬಂದು ಬಿತ್ತು.

ಅವರ ಭಯಕ್ಕೆ ಕಾರಣವಿತ್ತು. ನಮ್ಮ ಕಡೆ ಒಂದು ಪದ್ಧತಿ ಇದೆ: ತಂದೆಯ ನಂತರ ಅಕ್ಕತಂಗಿಯರು ರಜಿಸ್ಟ್ರಾರ್ ಕಚೇರಿಗೆ ಹೋಗಿ, ನನ್ನ ಪಾಲಿನ ಹಕ್ಕನ್ನು ಸಂತೋಷದಿಂದ ಬಿಟ್ಟಿದ್ದೇನೆ ಎಂದು ಹಕ್ಕುಸೋಡ ಪತ್ರ ಬರೆದುಕೊಡುತ್ತಾರೆ. ಪ್ರತಿಯಾಗಿ ಅಣ್ಣತಮ್ಮಂದಿರು ಒಂದು ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ಊಟ ಹಾಕಿ ಕಳಿಸುತ್ತಾರೆ. ಎಕರೆಗಟ್ಟಲೆ ಭೂಮಿಗೆ ಬದಲು ಒಂದು ಸೀರೆ ಎಂದು ನೀವು ಹುಬ್ಬೇರಿಸಬೇಡಿ. ಅದರ ಸೆರಗು ರೇಷ್ಮೆಯದೋ ಅಲ್ಲವೋ ಎಂಬುದರ ಮೇಲೆ ಅಕ್ಕತಂಗಿಯರು ತಮ್ಮ ತವರಿನ ಹೆಚ್ಚುಗಾರಿಕೆಯನ್ನು ಓಣಿಯಲ್ಲಿ ವರ್ಷಾನುಗಟ್ಟಲೆ ಸಾರುತ್ತಾರೆ. ಪತ್ರ ಬರೆದುಕೊಡದೆ ಹೋದವಳಿಗೆ ಸಿಗುವುದು ಭೂಮಿ, ಕಳೆಯುವುದು ತವರು. ಈ ವ್ಯವಹಾರ ಇಷ್ಟು ಸಲೀಸಾಗಿ ನಡೆಯುತ್ತಿರುವಾಗ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಆಗಷ್ಟೇ ಕಾನೂನು ಬದಲಾಗಿ ಅಣ್ಣತಮ್ಮಂದಿರ ನಿದ್ದೆಗೆ ಕಲ್ಲು ಬಿದ್ದಿತ್ತು. ಅದೇ ಹೊತ್ತಿಗೆ ನಾನು ಕೊರಳಲ್ಲಿ ಕಾನೂನು ಕಟ್ಟಿಕೊಂಡು ಕುಬಸಕ್ಕೆ ಹೋಗಿದ್ದೆ.

ಮುಂದಿನ ವಾರವೇ ಬಿಳಿಜೋಳದ ಚೀಲ ಬಂತು. ಆಮೇಲೆ ಶೇಂಗಾ, ಆಮೇಲೆ ಬೆಲ್ಲ, ಆಮೇಲೆ ಬೆಣ್ಣೆ ಕಾಸಿದ ಘಮಘಮ ತುಪ್ಪದೊಂದಿಗೆ ಸ್ವತಃ ಈರಣ್ಣ. ಬೈಲಹೊಂಗಲದ ಹತ್ತಿ ಪೇಟೆಗೆ ಪ್ರತಿ ಸುಗ್ಗಿಯಲ್ಲೂ ಬಂದು, ನನ್ನ ಮನೆಯ ಹಾದಿ ಮಾತ್ರ ಮರೆತಿರುತ್ತಿದ್ದ ಅಣ್ಣ, ಈಗ ಚಹಾ ಕುಡಿಯುತ್ತ ನನ್ನ ಮಂಡಿನೋವಿನ ಬಗ್ಗೆ ವಿಚಾರಿಸುತ್ತಿದ್ದ, ವಿಚಾರಿಸುತ್ತಲೇ ಫೋನಿನ ಕಡೆ ಕಣ್ಣು ಹಾಯಿಸುತ್ತಿದ್ದ. ಒಮ್ಮೆ ಪರಿಚಯದ ವಕೀಲರಿಗೆ ಈ ಕಥೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಎಂದೋ ಹೊರಬಿದ್ದಿದೆ, ನೀವು ಕಟ್ಟಿಕೊಂಡದ್ದರಲ್ಲಿ ಭೂಮಿಯ ಸುದ್ದಿಯೇ ಇಲ್ಲ, ಪಾಲು ಕೊಡುವ ಕಾಯಿದೆಯೇ ಬೇರೆ ಎಂದರು. ಈ ಸಂಗತಿಯನ್ನು ಅಣ್ಣನಿಗೆ ತಿಳಿಸುವುದು ಶಿಕ್ಷಕಿಯಾಗಿ ನನ್ನ ಕೆಲಸವಾಗಿತ್ತು. ಆದರೆ ತುಪ್ಪ ಚೆನ್ನಾಗಿತ್ತು, ಮೇಲಾಗಿ ಕರ್ತವ್ಯದ ಪುಟ ನನ್ನ ಫೋನಿನಲ್ಲಿ ಹಿಡಿಸಿರಲಿಲ್ಲ.

ನಿಜ ಹೇಳುತ್ತೇನೆ, ಸಹಿ ಮಾಡಿಯೇ ಬಿಡಬೇಕೆಂದು ನಾನು ಮೊದಲೇ ತೀರ್ಮಾನಿಸಿದ್ದೆ. ತಿಂಗಳ ಸಂಬಳವಿದೆ, ಮನೆಯಿದೆ, ಮಂಡಿನೋವು ವಿಚಾರಿಸುವ ತವರು ಬೇಕು. ಹಕ್ಕು ತೆರೆಯದೆ ಕೊರಳಲ್ಲಿದ್ದರೇ ಹೆಚ್ಚು ಫಲ ಕೊಡುತ್ತದೆ ಎಂಬ ನನ್ನ ಹೊಸ ರಾಜ್ಯಶಾಸ್ತ್ರಕ್ಕೆ ಜೋಳದ ಚೀಲವೇ ಆಧಾರವಾಗಿತ್ತು. ಆದರೆ ಸಹಿ ಮಾಡಬೇಕಾದವಳು ನಾನೊಬ್ಬಳೇ ಆಗಿರಲಿಲ್ಲ. ನಮ್ಮೆಲ್ಲರಿಗಿಂತ ಹಿರಿಯಳಾದ ಗಂಗಕ್ಕನೂ ಇದ್ದಳು.

ಗಂಗಕ್ಕ ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ತಗಡಿನ ಟ್ರಂಕಿನೊಂದಿಗೆ ತವರಿಗೆ ಮರಳಿದವಳು. ಅಂದಿನಿಂದ ಆ ಮನೆಯ ಎಮ್ಮೆ ಹಿಂಡಿದವಳು, ರೊಟ್ಟಿ ಬಡಿದವಳು, ಈರಣ್ಣನ ಮಕ್ಕಳ ಎಣ್ಣೆ ನೀರು ನೋಡಿದವಳು ಅವಳೇ. ಅವಳ ಟ್ರಂಕು ಮೊದಲು ನಡುಮನೆಯ ಕೋಣೆಯಲ್ಲಿತ್ತು. ಈರಣ್ಣನ ಮದುವೆಯಾದಾಗ ಅದು ದೇವರ ಮನೆಯ ಪಕ್ಕಕ್ಕೆ ಹೋಯಿತು. ತಮ್ಮನ ಮದುವೆಯಾದಾಗ ಕಾಳಿನ ಕೋಣೆಗೆ ಹೋಯಿತು. ಮಕ್ಕಳು ದೊಡ್ಡವರಾಗಿ ಓದಲು ಜಾಗ ಬೇಕೆಂದಾಗ ಹಿತ್ತಲ ಬಾಗಿಲಿಗೆ ಬಂದು, ಹಗಲು ಮುಚ್ಚಳದ ಮೇಲೆ ಸೊಪ್ಪು ಸೋಸುವ ಕಟ್ಟೆಯೂ ರಾತ್ರಿ ಅವಳ ತಲೆದಿಂಬಿನ ಆಸರೆಯೂ ಆಯಿತು. ಪ್ರತಿಸಲವೂ ಟ್ರಂಕು ಎತ್ತಿದವಳು ಅವಳೇ. ಯಾರೂ ಸರಿದುಕೋ ಎನ್ನಲಿಲ್ಲ, ಸರಿಯುತ್ತೀಯಾ ಎಂದೂ ಕೇಳಲಿಲ್ಲ.

ಈಗ ಈರಣ್ಣ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವವನಿದ್ದ. ಸೋಡಪತ್ರದ ಅವಸರವೂ ಅದಕ್ಕೇ. ಮನೆಯ ನಕಾಶೆಯನ್ನು ಚಾಪೆಯ ಮೇಲೆ ಹರಡಿ ನಮಗೆಲ್ಲ ಹುರುಪಿನಿಂದ ತೋರಿಸಿದ. ಟ್ರ್ಯಾಕ್ಟರಿಗೆ ಶೆಡ್ಡು ಇತ್ತು, ದೇವರಿಗೆ ಕೋಣೆ ಇತ್ತು, ಮುಂದೆಂದೋ ಬರಲಿರುವ ಸೊಸೆಗೆ ಒಳಗೇ ಬಚ್ಚಲಿದ್ದ ಕೋಣೆ ಇತ್ತು, ಟಿವಿಗೂ ಗೋಡೆಯಲ್ಲಿ ಗೂಡು ಇತ್ತು. ಗಂಗಕ್ಕ ಬಹಳ ಹೊತ್ತು ಬಗ್ಗಿ ನೋಡಿ, ನನ್ನ ಟ್ರಂಕು ಎಲ್ಲಿಡುವುದು ಎಂದು ಕೇಳಿದಳು. ಎಲ್ಲರೂ ಅದನ್ನು ಚೇಷ್ಟೆಯೆಂದು ತಿಳಿದು ನಕ್ಕರು. ನನಗೂ ನಗು ಬಂದಿತ್ತು. ಅವಳ ಮುಖ ನೋಡಿದ ಮೇಲೆ ನಿಂತಿತು.

ಗೊತ್ತುಮಾಡಿದ ದಿನ ನಾವೆಲ್ಲ ಸವದತ್ತಿಯ ಕಚೇರಿಗೆ ಹೋದೆವು. ಈರಣ್ಣನ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಇಳಕಲ್ ಸೀರೆ, ಸೆರಗು ಅಪ್ಪಟ ರೇಷ್ಮೆ. ಊಟಕ್ಕೆ ಖಾನಾವಳಿಯಲ್ಲಿ ಮೊದಲೇ ಹೇಳಿಟ್ಟಿದ್ದ. ಬಾಗಿಲಲ್ಲಿ ಮೊಬೈಲ್ ಬಂದ್ ಇಡಬೇಕೆಂದು ಬರೆದಿತ್ತು; ನಾನು ವಿಧೇಯಳಾಗಿ ಬಂದ್ ಮಾಡಿದೆ. ಹಕ್ಕುಗಳು ನನ್ನ ಎದೆಯ ಮೇಲೆ ಕಪ್ಪುಗಾಜಿನ ಹಿಂದೆ ನಿದ್ದೆಹೋದವು. ಒಳಗೆ ಆಗತಾನೇ ಬಂದ ಹೊಸ ವ್ಯವಸ್ಥೆ: ಕಾಗದ ಓದಿ ಹೇಳುತ್ತಾರೆ, ಕಂಪ್ಯೂಟರಿಗೆ ಅಂಟಿಸಿದ ಕಣ್ಣಿನಂಥ ಕ್ಯಾಮೆರಾದ ಮುಂದೆ ಕೂರಿಸಿ ಫೋಟೋ ಹಿಡಿಯುತ್ತಾರೆ, ಗಾಜಿನ ಮೇಲೆ ಹೆಬ್ಬೆರಳು ಒತ್ತಿಸುತ್ತಾರೆ. ಇವೆಲ್ಲದಕ್ಕೂ ಮೊದಲು ಸಾಹೇಬರು ತಲೆಯೆತ್ತದೆ ಒಂದು ಪ್ರಶ್ನೆ ಕೇಳುತ್ತಾರೆ. ನಮಗಿಂತ ಮುಂದೆ ಪಾಳಿಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ಆ ಪ್ರಶ್ನೆ ಮುಗಿಯುವ ಮೊದಲೇ ಹೂಂ ಎಂದು ತಲೆಯಾಡಿಸಿ ಹೆಬ್ಬೆರಳು ಚಾಚಿದ್ದರು. ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದಷ್ಟೇ ಸಹಜವಾಗಿತ್ತು ಅದು.

ಹಿರಿಯಳೆಂದು ಗಂಗಕ್ಕನನ್ನು ಮೊದಲು ಕರೆದರು. ಅವಳು ಸೆರಗು ತಲೆಯ ಮೇಲೆಳೆದುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು. ಸಾಹೇಬರು ಕಾಗದದ ಮೇಲೆ ಕಣ್ಣಿಟ್ಟೇ, ನಿಮ್ಮ ಹಕ್ಕು ಖುಷಿಯಿಂದ ಬಿಟ್ಟು ಕೊಡಾಕತ್ತೀರೇನ್ರಿ ಎಂದು ಕೇಳಿದರು.

“ಇಲ್ರಿ” ಎಂದಳು ಗಂಗಕ್ಕ.

ಸಾಹೇಬರ ಕೈ ಕಾಗದಕ್ಕೆ ಒತ್ತುವ ಶಿಕ್ಕೆಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಕಂಪ್ಯೂಟರಿನ ಹುಡುಗಿ, ಈಗ ಯಾವ ಗುಂಡಿ ಒತ್ತಬೇಕೆಂದು ಮೆಲ್ಲಗೆ ಕೇಳಿದಳು. ಅವಳಿಗೆ ಕಲಿಸಿದವರು ಈ ಉತ್ತರಕ್ಕೆ ಗುಂಡಿ ತೋರಿಸಿರಲಿಲ್ಲವೆಂದು ಕಾಣುತ್ತದೆ. ಈರಣ್ಣ ಧಾವಿಸಿ ಬಂದು, ಅಕ್ಕನಿಗೆ ಕಿವಿ ಮಂದ, ಇನ್ನೊಮ್ಮೆ ಜೋರಾಗಿ ಕೇಳಿರಿ ಎಂದ. ಸಾಹೇಬರು ಈ ಸಲ ತಲೆಯೆತ್ತಿ, ಅವಳ ಮುಖ ನೋಡಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು.

“ಕೇಳಸೈತ್ರಿ. ನನ್ನ ಯಾರೂ ಹಿಂಗ ಕೇಳಿದ್ದಿಲ್ರಿ. ನೀವು ಕೇಳಿದ್ರಿ, ಹೇಳಿದೆ.”

ನೋಡಿ, ಆ ಪ್ರಶ್ನೆಯನ್ನು ಪ್ರಶ್ನೆಯೆಂದು ತಿಳಿಯುವ ತಪ್ಪನ್ನು ಆ ಕಚೇರಿಯಲ್ಲಿ ಅದುವರೆಗೆ ಯಾರೂ ಮಾಡಿದಂತಿರಲಿಲ್ಲ. ಕೇಳುವವರಿಗೆ ಅದು ಬಾಯಿಪಾಠ, ಉತ್ತರಿಸುವವರಿಗೆ ಶಿಷ್ಟಾಚಾರ, ನನ್ನಂಥವರಿಗೆ ಐದು ಅಂಕದ ಟಿಪ್ಪಣಿ. ಒಂದು ದೇಶ ತನ್ನ ಪ್ರಜೆಯನ್ನು ಎದುರು ಕೂರಿಸಿಕೊಂಡು ನಿನ್ನ ಇಷ್ಟವೇನು ಎಂದು ವಿಚಾರಿಸುತ್ತಿದೆ ಎಂಬ ಭ್ರಮೆಗೆ ಒಳಗಾದವಳು, ಶಾಲೆಯ ಮೆಟ್ಟಿಲು ಹತ್ತದ ನನ್ನ ಅಕ್ಕ ಒಬ್ಬಳೇ.

ನಮ್ಮನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆತಂದ ಈರಣ್ಣ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು. ನೀನು ಶಾಣ್ಯಾಕಿ, ಅವಳಿಗೆ ತಿಳಿಸಿ ಹೇಳು ಎಂದು ನನ್ನ ಕೈ ಹಿಡಿದ. ತಿಳಿಸಿ ಹೇಳುವುದೇ ನನ್ನ ಉದ್ಯೋಗವಾದ್ದರಿಂದ ನಾನು ಗಂಗಕ್ಕನ ಕಡೆ ತಿರುಗಿ, ಯಾಕೆ ಹಾಗೆಂದೆ ಎಂದು ಕೇಳಿದೆ. ಅವಳು ಸವದತ್ತಿಯ ಗುಡ್ಡದ ಕಡೆ ನೋಡುತ್ತಿದ್ದಳು, ನನ್ನ ಕಡೆ ಅಲ್ಲ.

“ಟ್ರಂಕ್ ಎತ್ತಿ ಎತ್ತಿ ಸಾಕಾಗೇತಿ, ಶಾಂತಾ.”

ಒಳಗಿನಿಂದ ನನ್ನ ಹೆಸರು ಕೂಗಿದರು. ಹೋಗಿ ಕುಳಿತೆ. ಸಾಹೇಬರು ಈಗ ಹುಷಾರಾಗಿದ್ದರು. ಪೆನ್ನು ಕೆಳಗಿಟ್ಟು, ನನ್ನನ್ನೇ ನೋಡುತ್ತ ಅದೇ ಪ್ರಶ್ನೆ ಕೇಳಿದರು. ವಾಕ್ ಸ್ವಾತಂತ್ರ್ಯದ ಪಾಠವನ್ನು ಕಿಟಕಿಯ ಗಾಜು ನಡುಗುವಂತೆ ಬೋಧಿಸುವ ನನ್ನ ಬಾಯಿಂದ ಎರಡಕ್ಷರ ಹೊರಡಲು ಒದ್ದಾಡಿದವು. ನನ್ನ ಸಹಿ ಬಿದ್ದರೆ ಗಂಗಕ್ಕ ಒಬ್ಬಳೇ ಆಗುತ್ತಾಳೆ, ನಾಳೆ ಎಲ್ಲರೂ ಸೇರಿ ಅವಳನ್ನು ಬಗ್ಗಿಸುತ್ತಾರೆ, ಹಿತ್ತಲ ಬಾಗಿಲಿನಿಂದ ಮುಂದೆ ಟ್ರಂಕಿಗೆ ಉಳಿದಿರುವುದು ಬೀದಿಯೇ. ಇಷ್ಟು ತಿಳಿದಿತ್ತು. ಬಾಗಿಲಲ್ಲಿ ಅಣ್ಣ ನಿಂತಿದ್ದಾನೆ, ಇಂದಿನಿಂದ ಅವನು ನನ್ನ ಮನೆಗೆ ಬರುವುದಿಲ್ಲ ಎಂಬುದೂ ತಿಳಿದಿತ್ತು. ನಾನು ಹೇಳಿದ್ದು ಸಾಹೇಬರಿಗೆ ಕೇಳಿಸಲಿಲ್ಲ; ಸ್ವಲ್ಪ ಜೋರಾಗಿ ಹೇಳ್ರಿ ಅಕ್ಕೋರ ಎಂದರು. ಇಲ್ರಿ ಎಂದೆ, ಜೋರಾಗಿಯೇ.

ಈರಣ್ಣ ಸೀರೆಯ ಚೀಲವನ್ನು ಕಂಕುಳಲ್ಲಿ ಬಿಗಿಯಾಗಿ ಒತ್ತಿ ಹಿಡಿದ. ನನ್ನ ಮುಖವನ್ನು ನೋಡದೆ, ಕೊರಳಿನ ಫೋನಿನತ್ತ ಬೆರಳು ತೋರಿಸಿ, ಎಲ್ಲ ಇದರಿಂದಲೇ ಆಯಿತು ಎಂದು ತಮ್ಮನಿಗೆ ಹೇಳಿ ಹೊರಟುಹೋದ. ಅದು ಬಂದ್ ಇತ್ತು ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದ್ದರೆ ಅವನಿಗೆ ಇನ್ನೂ ದುಃಖವಾಗುತ್ತಿತ್ತು. ಯಂತ್ರ ಕೆಡಿಸಿತು ಎಂದುಕೊಂಡಷ್ಟು ಸಮಾಧಾನ ಅಕ್ಕನೇ ಬೇಡವೆಂದಳು ಎಂದುಕೊಂಡರೆ ಸಿಗದು.

ಆ ಸೀರೆಗಳಲ್ಲಿ ಒಂದನ್ನು ಅತ್ತಿಗೆ ಕಿತ್ತೂರಿನಲ್ಲಿ ರಾಣಿಯ ಜಯಂತಿಯ ಮೆರವಣಿಗೆಗೆ ಉಟ್ಟು, ಕುಂಭ ಹೊತ್ತು ನಡೆದಳೆಂದು ಕೇಳಿದೆ. ನನ್ನ ಅಣ್ಣ ಅಲ್ಲಿ ಪ್ರತಿವರ್ಷ ಭಾಷಣ ಮಾಡುವವನು. ಆ ವರ್ಷವೂ ಮಾಡಿದ. ತನ್ನದನ್ನು ತಾನು ಬಿಟ್ಟುಕೊಡೆನೆಂದ ವೀರವನಿತೆ ಈ ನೆಲದವಳೆಂದು ಮೈ ನವಿರೇಳುವಂತೆ ವರ್ಣಿಸಿ ಚಪ್ಪಾಳೆ ಗಿಟ್ಟಿಸಿದನಂತೆ. ಕುದುರೆಯ ಮೇಲೆ ಕತ್ತಿ ಹಿಡಿದು ಕಲ್ಲಾಗಿ ನಿಂತ ಹೆಣ್ಣಿಗೆ ನಮ್ಮ ಸೀಮೆಯಲ್ಲಿ ಸಲ್ಲುವ ಗೌರವ ಅಪಾರ. ಹಿತ್ತಲ ಬಾಗಿಲಲ್ಲಿ ಸೊಪ್ಪು ಸೋಸುವ ಹೆಣ್ಣು ಅದೇ ಮಾತಾಡಿದರೆ ಕಿವಿ ಮಂದವೆನ್ನುತ್ತೇವೆ.

ಸುದ್ದಿ ಮಾತ್ರ ನಾವು ಬಸ್ಸಿಳಿಯುವ ಮೊದಲೇ ಊರೂರು ತಲುಪಿತ್ತು. ಬೈಲಹೊಂಗಲದ ಅಂಗಡಿಯೊಂದರಲ್ಲಿ ಮೊಬೈಲಿಗೆ ಹಕ್ಕು ತುಂಬಿಸುತ್ತಾರಂತೆ, ತುಂಬಿಸಿದರೆ ಹೆಂಗಸರು ಸಹಿ ಮಾಡುವುದಿಲ್ಲವಂತೆ. ಸಂತೆಯ ದಿನ ಮೂರ್ನಾಲ್ಕು ಹೆಣ್ಣುಮಕ್ಕಳು ದಸ್ತಗೀರನ ಅಂಗಡಿಯ ಮೂಲೆಯಲ್ಲಿ ನಿಂತು, ಪಾಳಿ ಕರಗಿದ ಮೇಲೆ ಸೆರಗಿನಿಂದ ಫೋನು ತೆಗೆದು, ಆ ಅಕ್ಕೋರಿಗೆ ಹಾಕಿದ್ದನ್ನೇ ಹಾಕಿರಿ ಎಂದರಂತೆ. ಅವರಿಗಿಂತ ಹೆಚ್ಚು ಗಿರಾಕಿಗಳಾಗಿ ಬಂದವರು ಗಂಡಸರು. ತಮ್ಮ ಮನೆಯವರ ಫೋನುಗಳನ್ನು ಕಿಸೆಯಲ್ಲಿ ಹಾಕಿಕೊಂಡು ಬಂದು, ಇದರೊಳಗೆ ಹಕ್ಕೇನಾದರೂ ಹೊಕ್ಕಿದೆಯೋ ನೋಡಿ, ಇದ್ದರೆ ತೆಗೆದು ಕೊಡಬೇಕೆಂದು ಕೇಳಿದರಂತೆ. ಒಬ್ಬರಿಂದ ಒಬ್ಬರಿಗೆ ಹಬ್ಬುವ ವೈರಸ್ಸು ಅದು ಎಂದು ಅವರ ತಿಳಿವಳಿಕೆ. ದಸ್ತಗೀರ ಇಬ್ಬರನ್ನೂ ನಿರಾಶೆಗೊಳಿಸಲಿಲ್ಲ. ಹಾಕುವವರಿಗೆ ಹಾಕಿದ, ತೆಗೆಸುವವರ ಫೋನನ್ನು ಗಂಭೀರವಾಗಿ ತಿರುಗಿಸಿ ನೋಡಿ, ಈಗ ಸ್ವಚ್ಛ ಆತು ನೋಡ್ರಿ ಎಂದು ಹಿಂದಿರುಗಿಸಿದ.

ಭೂಮಿಯ ಜಗ್ಗಾಟ ಸುಮಾರು ಕಾಲ ನಡೆಯಿತು. ಕೋರ್ಟಿಗೆ ಹೋಗುವುದು ಬೇಡವೆಂದು ಊರ ಹಿರಿಯರು ನಡುವೆ ಬಂದರು, ಗಂಗಕ್ಕನಿಗೆ ಹಠಮಾರಿ ಎಂಬ ಬಿರುದು ಕೊಟ್ಟರು, ನನಗೆ ಮನೆಮುರುಕಿ ಎಂಬುದನ್ನು ದಯಪಾಲಿಸಿದರು, ಕಡೆಗೆ ಹಳೆಯ ಮನೆಯಲ್ಲಿ ಬೀದಿಯ ಕಡೆಗಿರುವ ಎರಡು ಅಂಕಣದ ಭಾಗವನ್ನೂ ಕಾಲುವೆಯ ಬದಿಯ ಒಂದು ಪಟ್ಟಿ ಹೊಲವನ್ನೂ ಅವಳ ಹೆಸರಿಗೆ ಬಿಡಿಸಿದರು. ನನ್ನ ಪಾಲನ್ನೂ ಅದರಲ್ಲೇ ಸೇರಿಸಿದೆ. ಔದಾರ್ಯವೇನೂ ಅಲ್ಲ, ಬೈಲಹೊಂಗಲದಲ್ಲಿ ಕುಳಿತು ಜೋಳ ಬೆಳೆಯುವ ವಿದ್ಯೆ ನನಗೆ ತಿಳಿಯದು.

ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದರೆ ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು; ಕರೆಯದೆ ಹೋಗುವಂತಿಲ್ಲ. ಸಹಿ ಮಾಡದ ಆ ವರ್ಷ ಯಾರೂ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅಣ್ಣಂದಿರ ಹಿಂದೆ ಚೀಲ ಹಿಡಿದು ಹೊರಟುಹೋಗುವುದನ್ನು ಕಿಟಕಿಯಿಂದ ನೋಡಿದೆ. ಕೇಳಿದವರಿಗೆ ಶಾಲೆಯ ಕೆಲಸವಿದೆ ಎಂದೆ. ಒಬ್ಬಳೇ ಉಂಡಿ ಕಟ್ಟಲು ಕುಳಿತು, ಬೆಲ್ಲದ ಪಾಕ ಹದ ತಪ್ಪಿ, ಅತ್ತುಬಿಟ್ಟೆ. ನನ್ನ ರಾಜ್ಯಶಾಸ್ತ್ರದಲ್ಲಿ ಇದಕ್ಕೆ ವಿಧಿಯಿಲ್ಲ. ಇದನ್ನು ಯಾವ ಕಾರ್ಡಿಗೂ ತುಂಬಿಸಿಕೊಳ್ಳಲು ಬರುವುದಿಲ್ಲ.

ಅದರ ಮರುವರ್ಷ, ಪಂಚಮಿಗೆ ಎರಡು ದಿನ ಇರುವಾಗ, ಬಾಗಿಲಲ್ಲಿ ಗಂಗಕ್ಕ ನಿಂತಿದ್ದಳು. ಒಬ್ಬಳೇ ಬಸ್ಸು ಹತ್ತಿ ಊರು ದಾಟಿದವಳಲ್ಲ ಅವಳು. ಕೈಯಲ್ಲಿ ಉಂಡಿಯ ಡಬ್ಬಿ, ಕಾಲಿಗೆ ಮೊಣಕಾಲವರೆಗೆ ಕೆಸರು. ಕರೆಯಲು ಬಂದವರಿಗೆ ಕೊಡುವಂತೆ ಕಾಲಿಗೆ ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಈರಣ್ಣನ ಮನಸ್ಸು ಕರಗಿರಬಹುದೆಂಬ ಆಸೆ ಒಳಗೊಳಗೇ ಎದ್ದು, ನಿನ್ನನ್ನು ಯಾರು ಕಳಿಸಿದರು ಎಂದು ಕೇಳಿದೆ. ಅವಳು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟು, ನಾನು ಏನೋ ದಡ್ಡತನದ ಮಾತಾಡಿದೆನೆಂಬಂತೆ ನೋಡಿದಳು.

“ಯಾರು ಕಳಸ್ತಾರ? ಮನಿ ನಂದೈತಿ, ಕರಿಯಾಕ ಬಂದೇನಿ. ನಡಿ.”

ನಾನು ಒಳಗೆ ಹೋಗಿ ಚೀಲಕ್ಕೆ ಸೀರೆ ತುಂಬಿಕೊಳ್ಳತೊಡಗಿದೆ.